ವ್ಯಾನ್ ಡೀನ್ ಸ್ಟೇಷನ್ನಿನ ಪೂರ್ವದ ಮೆಟ್ಟಿಲು

ವ್ಯಾನ್ ಡೀನ್ ಬೀದಿ, ಕ್ವೀನ್ಸ್
೧೧ ಮಾರ್ಚ್ ೧೯೭೯

ಪ್ರೀತಿಯ ಮೆರ್ಲೀನ್,

ನಿನ್ನ ವಿಳಾಸ ಕೊಟ್ಟವರು ನಿಮ್ಮ ಚರ್ಚಿನ ಸಿಸ್ಟರ್ ಬ್ರಾತ್‌ವೇಟ್. ಕೊಡುವ ಮೊದಲು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅವಳಿಗೆ ಬರೀತೀಯೋ, ಇಲ್ಲಾ ಮತ್ತೆ ಅವಳ ಮೇಲೆ ದೂರು ಹೇಳ್ತೀಯೋ?" ಎಂದು ಕೇಳಿದರು. ಅವಳಿಗೇ ಎಂದೆ. ಚೀಟಿ ಕೈಗೆ ಬಂದು ಹತ್ತು ದಿನವಾಗಿದೆ. ಇವತ್ತು ಭಾನುವಾರ, ಅಂಗಡಿ ಮುಚ್ಚಿದೆ, ಇನ್ನು ನೆಪ ಹೇಳಲು ಏನೂ ಉಳಿದಿಲ್ಲವೆಂದು ಕೂತಿದ್ದೇನೆ.

ನಾವು ಮಾತು ಬಿಟ್ಟು ಮೂರು ವರ್ಷ ಆಗುತ್ತ ಬಂತು. ಇಪ್ಪತ್ತೈದು ವರ್ಷ ನೀನು ಬೀದಿಯಿಂದೆತ್ತರಕ್ಕೆ ಕಬ್ಬಿಣದ ಕಂಬಗಳ ಮೇಲೆ ನಿಂತ ಸ್ಟೇಷನ್ನಿನಲ್ಲಿ ರೈಲಿನ ಟೋಕನ್ ಕೊಟ್ಟೆ, ನಾನು ಅದರ ಕೆಳಗೆ ಹೊಲಿಗೆ ಮಿಷನ್ ತುಳಿದೆ. ಹ್ರಾಂಟ್ ಹೋದ ವಿಷಯ ನಿನಗೆ ತಿಳಿದಿರಬಹುದು. ೭೭ರ ಆಗಸ್ಟ್ ಇಪ್ಪತ್ತರಂದು. ಕೊನೆಯ ರೈಲು ಓಡಿದ್ದು ಸೆಪ್ಟೆಂಬರಿನಲ್ಲಿ. ಅಂಗಡಿಯ ಮೇಲಿನ ನಮ್ಮ ಮನೆಯಲ್ಲಿ, ಮಂಚದ ಪಕ್ಕದಲ್ಲೇ ರೈಲು ಹೋಗದ ಒಂದು ದಿನವನ್ನೂ ಅವನು ಕಾಣಲಿಲ್ಲ.

ಈಗ ಮೇ ತಿಂಗಳಿಂದ ಸ್ಟೇಷನ್ ಕೆಡವುತ್ತಾರಂತೆ. ನಮ್ಮ ವರ್ತಕರ ಸಂಘದವರು ನವೆಂಬರಿನಲ್ಲಿ ಒಂದು ಸಮಾರಂಭ ಇಟ್ಟುಕೊಂಡಿದ್ದಾರೆ, ಬೀದಿಗೆ ಬೆಳಕು ಬಂದದ್ದಕ್ಕೆ. ಅದಕ್ಕೊಂದು ಪುಸ್ತಿಕೆ. ಸ್ಟೇಷನ್ನಿನ ಇತಿಹಾಸ ಎರಡು ಪುಟ ಬರೆಯಬೇಕೆಂದು ಸಂಘದ ಅಧ್ಯಕ್ಷ ಡ್ರೆಕ್ಸ್ಲರ್ ನನ್ನ ತಲೆಗೆ ಕಟ್ಟಿದ್ದಾನೆ. ಅದೇ, ಮೂಲೆಯ ಪೀಠೋಪಕರಣದಂಗಡಿಯವನು. "ನೀವೇ ತಾನೇ ಅದರಡಿ ಬದುಕಿದೋರು" ಎಂದ. ಅಡಿಯಲ್ಲಿ ಬದುಕಿದವಳಿಗೆ ಕಂಡದ್ದು ಬರೀ ಅಡಿ. ಮೇಲಿನದು ನಿನಗೆ ಗೊತ್ತು. ಯಾವಾಗ ಕಟ್ಟಿದರು, ಏನೇನು ನಡೆಯಿತು, ನೆನಪಿದ್ದಷ್ಟು ಬರೆದು ಕಳಿಸುತ್ತೀಯಾ?

ಬರೆಯದಿದ್ದರೆ ಬೇಸರವಿಲ್ಲ. ಅಂದರೆ, ಇದೆ. ಆದರೂ ತೊಂದರೆಯಿಲ್ಲ.

ನಿನ್ನ
ಅರಾಕ್ಸಿ


ಬ್ರಾಂಕ್ಸ್
೨ ಏಪ್ರಿಲ್ ೧೯೭೯

ಶ್ರೀಮತಿ ತುತುಂಜಿಯನ್ ಅವರಿಗೆ,

ನಿಮ್ಮ ಪತ್ರ ತಲುಪಿತು. ನಿಮ್ಮ ಯಜಮಾನರು ತೀರಿಕೊಂಡ ಸುದ್ದಿಯನ್ನು ಆಗಲೇ ಕೇಳಿದ್ದೆ. ಒಳ್ಳೆಯ ಮನುಷ್ಯ. ಎರಡು ಸಾಲು ಬರೆಯಬೇಕಿತ್ತು, ಬರೆಯಲಿಲ್ಲ.

ನೀವು ಕೇಳಿದ ವಿವರ ಇಷ್ಟು.

ಸ್ಟೇಷನ್ ಶುರುವಾದದ್ದು ೧೯೧೭ರಲ್ಲಿ, ಬೇಸಿಗೆ ಮುಗಿದ ಮೇಲೆ. ಇದನ್ನು ನನಗೆ ಹೇಳಿದವನು ಪ್ಲಾಟ್‌ಫಾರ್ಮ್ ಗುಡಿಸುತ್ತಿದ್ದ ಹ್ಯಾನ್ರಟಿ. ಆಗ ಸುತ್ತ ಆಲೂಗಡ್ಡೆ ಹೊಲಗಳಿದ್ದವಂತೆ. ಮೊದಲ ವಾರ ಜನ ಹತ್ತಲು ಹೆದರಿ ಕೆಳಗೆ ನಿಂತು ನೋಡುತ್ತಿದ್ದರಂತೆ. ಎರಡು ಪ್ಲಾಟ್‌ಫಾರ್ಮ್, ಎರಡು ಮೆಟ್ಟಿಲು. ಪಶ್ಚಿಮದ್ದು ಬ್ಯಾಂಕಿನ ಕಡೆಗೆ, ಪೂರ್ವದ್ದು ನಿಮ್ಮ ಅಂಗಡಿಯ ಕಡೆಗೆ. ಮರದ ತಂಗುಕೋಣೆಯಲ್ಲಿ ಕಲ್ಲಿದ್ದಲ ಒಲೆಯಿತ್ತು. ಕಿಟಕಿಗಳ ಮೇಲುಸಾಲಿನಲ್ಲಿ ಬಣ್ಣದ ಗಾಜು. ಯುದ್ಧ ಮುಗಿದ ದಿನ ಸಂತೋಷದಲ್ಲಿ ಜನ ಏಳು ಗಾಜು ಒಡೆದರು, ಆಮೇಲೆ ಅಲ್ಲಿಗೆ ಸಾದಾ ಗಾಜು ಬಂತು.

ನಾನು ಬಂದದ್ದು ೧೯೫೧ರಲ್ಲಿ. ಆ ಟೋಕನ್ ಗೂಡಿನಲ್ಲಿ ಕೂತ ಮೊದಲ ಕಪ್ಪು ಹೆಂಗಸು ನಾನೇ. ಕೆಲವರು ನನ್ನ ಬೆರಳು ತಾಗದಂತೆ ನಾಣ್ಯವನ್ನು ಅಷ್ಟು ದೂರದಿಂದಲೇ ಉರುಳಿಸುತ್ತಿದ್ದರು. ಇದನ್ನು ಪುಸ್ತಿಕೆಯಲ್ಲಿ ಹಾಕಲಾರಿರಿ, ಆದರೂ ಕೇಳಿದ್ದರಿಂದ ಹೇಳಿದೆ. ೬೯ರ ಹಿಮದಲ್ಲಿ ಮೂರು ದಿನ ರೈಲು ನಿಂತಿತು. ತಂಗುಕೋಣೆಯಲ್ಲಿ ನಲವತ್ತು ಜನ ಉಳಿದರು. ಕೆಳಗಿನ ಹೊಲಿಗೆ ಅಂಗಡಿಯಿಂದ ಅವರಿಗೆ ಸೂಪು ಬಂತು.

ಇಷ್ಟು ಸಾಕೆಂದುಕೊಂಡಿದ್ದೇನೆ. ಪೂರ್ವದ ಮೆಟ್ಟಿಲ ವಿಷಯ ನಿಮಗೇ ಗೊತ್ತಿದೆ. ಬರೆಯುವುದು ಬಿಡುವುದು ನಿಮಗೆ ಸೇರಿದ್ದು.

ಇತಿ,
ಎಂ. ಗಿಟ್ಟೆನ್ಸ್


ವ್ಯಾನ್ ಡೀನ್ ಬೀದಿ
೧೫ ಏಪ್ರಿಲ್ ೧೯೭೯

ಪ್ರೀತಿಯ ಮೆರ್ಲೀನ್,

ನೀನು ಬರೆದೆ, ಅದೇ ದೊಡ್ಡದು. ಪತ್ರವನ್ನು ಕತ್ತರಿ ಮೇಜಿನ ಮೇಲಿಟ್ಟುಕೊಂಡು ದಿನವಿಡೀ ಕೆಲಸ ಮಾಡಿದೆ. "ಕೆಳಗಿನ ಹೊಲಿಗೆ ಅಂಗಡಿ" ಎಂದಿದ್ದೀಯ. ಯಾರದೋ ಅಂಗಡಿಯ ಹಾಗೆ. ಇರಲಿ.

ಬೀದಿಯ ಸುದ್ದಿ ಹೇಳುತ್ತೇನೆ. ರೈಲು ನಿಂತು ಒಂದೂವರೆ ವರ್ಷವಾಯಿತಲ್ಲ, ಹಳಿಯ ಮರದ ದಿಮ್ಮಿಗಳನ್ನು ಈಗಾಗಲೇ ಎತ್ತಿದ್ದಾರೆ, ಬರೀ ಕಂಬ, ತೊಲೆ, ಸ್ಟೇಷನ್ ಉಳಿದಿವೆ. ಸಂದಿನಿಂದ ಬಿಸಿಲು ಬೀಳುತ್ತದೆ. ನಲವತ್ತು ವರ್ಷ ಅಂಗಡಿಯಲ್ಲಿ ಬೆಳಗ್ಗೆಯೇ ದೀಪ ಹಚ್ಚುತ್ತಿದ್ದ ನಾವು ಈಗ ಪರದೆ ಎಳೆಯಬೇಕಾಗಿದೆ. ಗಾಜಿನೊಳಗೆ ನೇತುಹಾಕಿದ್ದ ನೀಲಿ ಕೋಟು ಒಂದೇ ಪಕ್ಕಕ್ಕೆ ಬೂದಿ ಬಣ್ಣಕ್ಕೆ ತಿರುಗಿತು. ಗಿರಾಕಿಗೆ ಏನು ಹೇಳುವುದು? ಬಿಸಿಲು ಬಂತು ಎಂದೆ. ಅವನು ನಗಲಿಲ್ಲ.

ಗಿರಾಕಿಗಳೂ ಅಷ್ಟೇ. ಬೆಳಗ್ಗೆ ರೈಲು ಹತ್ತುವ ಮೊದಲು ಬಟ್ಟೆ ಎಸೆದು, ಸಂಜೆ ಇಳಿದು ತೆಗೆದುಕೊಂಡು ಹೋಗುತ್ತಿದ್ದವರು ಎಲ್ಲಿ ಹೋದರೋ. ನೆಲದಡಿಯ ರೈಲು ಬರುತ್ತದೆ ಎಂದಿದ್ದಾರೆ, ಅಲ್ಲಿಯವರೆಗೆ ಬಸ್ಸು. ಬಸ್ಸು ಎರಡು ಬೀದಿ ಆಚೆ ನಿಲ್ಲುತ್ತದೆ. ಡ್ರೆಕ್ಸ್ಲರ್ ಮಾತ್ರ, "ತಾಳಿ, ತಾಳಿ, ಈಗ ತಾನೇ ಬೆಳಕು ಬಂದಿದೆ" ಎನ್ನುತ್ತಾನೆ. ಅವನೂ ಇಬ್ಬರು ಕೆಲಸದವರನ್ನು ಬಿಡಿಸಿದ್ದಾನೆ.

ಮೆಟ್ಟಿಲ ವಿಷಯ ಎತ್ತಿದ್ದೀಯ. ಅವತ್ತು ನಿನ್ನ ವಿಚಾರಣೆಗೆ ನನಗೆ ಬರಲಾಗಲಿಲ್ಲ, ಅದು ನನಗೆ ಇಂದಿಗೂ ನೋವೇ. ಹ್ರಾಂಟ್‌ಗೆ ಅಂದು ಕಾಯಿಲೆ ಬಹಳ ಜಾಸ್ತಿಯಾಗಿತ್ತು. ಬಿಟ್ಟು ಹೊರಡುವ ಹಾಗಿರಲಿಲ್ಲ. ಆಮೇಲೆ ನಿನಗೆ ಹೇಳೋಣವೆಂದರೆ ನೀನು ಅಂಗಡಿಯ ಮುಂದೆ ಹಾದುಹೋಗುವುದನ್ನೇ ಬಿಟ್ಟೆ. ಮನೆ ಬದಲಿಸುವವರೆಗೂ, ತೇಪೆ ಹಾಕಿದ ಪೂರ್ವದ್ದನ್ನು ಬಿಟ್ಟು ಪಶ್ಚಿಮದ ಮೆಟ್ಟಿಲಿಂದ ಇಳಿದು ಸುತ್ತಿ ಹೋಗುತ್ತಿದ್ದೆ. ನನಗೆ ಕಾಣುತ್ತಿತ್ತು.

ಇನ್ನೂ ಏನಾದರೂ ನೆನಪಾದರೆ ಬರೆ. ಎರಡು ಪುಟ ತುಂಬಬೇಕು.

ನಿನ್ನ
ಅರಾಕ್ಸಿ


ಬ್ರಾಂಕ್ಸ್
೬ ಮೇ ೧೯೭೯

ಅರಾಕ್ಸಿ,

ಮೂರು ವಾರ ನಿನ್ನ ಪತ್ರಕ್ಕೆ ಉತ್ತರಿಸಬಾರದೆಂದೇ ಇದ್ದೆ. ಆದರೆ ಕೆಲಸಕ್ಕೆ ಹೋಗುವಾಗ ಬರುವಾಗ ರೈಲಿನಲ್ಲಿ ಕೂತು ಮನಸ್ಸಿನಲ್ಲೇ ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ. ಸಾಕಾಯಿತು. ಒಂದು ಸಲ ಕಾಗದದ ಮೇಲೆ ಹಾಕಿಬಿಡುತ್ತೇನೆ.

ಎರಡು ಪುಟ ತುಂಬಬೇಕೆಂದೆಯಲ್ಲ, ತುಂಬು.

ಪೂರ್ವದ ಮೆಟ್ಟಿಲಲ್ಲಿ ಮೇಲಿನಿಂದ ಆರನೆಯದು ೭೪ರಿಂದಲೇ ಕೊಳೆಯುತ್ತಿತ್ತು. ಕಾಲಿಟ್ಟರೆ ಒಳಕ್ಕೆ ಕುಗ್ಗುತ್ತಿತ್ತು. ನಾನು ಇಲಾಖೆಗೆ ನಾಲ್ಕು ಸಲ ಬರೆದುಕೊಟ್ಟೆ. ನಾಲ್ಕನ್ನೂ ಬರೆದದ್ದು ಎಲ್ಲಿ? ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಿನ್ನ ಕತ್ತರಿ ಮೇಜಿನ ಮೇಲೆ. ಕೊಟ್ಟದ್ದು ಎಲ್ಲಿ? ನಿನ್ನ ಅಂಗಡಿಯಲ್ಲೇ. ಇಲಾಖೆಯ ಇನ್ಸ್‌ಪೆಕ್ಟರ್ ಪ್ಯಾಂಟಿನ ಅಂಚು ಹೊಲಿಸಲು ಬರುತ್ತಿದ್ದನಲ್ಲ, ಅವನ ಕೈಗೇ. ಕೊನೆಯ ಸಲ ಅವನು ಅಂದದ್ದು ನೀನೂ ಕೇಳಿಸಿಕೊಂಡೆ: "ಇನ್ನೆಷ್ಟು ದಿನ ಇರೋ ಮೆಟ್ಟಿಲಮ್ಮ ಇದು? ಇವತ್ತೋ ನಾಳೆನೋ ಬೀಳಿಸ್ತಾರೆ. ಸುಮ್ನೆ ಟೋಕನ್ ಕೊಡು." ನೀನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವನ ಕಾಲ ಬಳಿ ಕೂತಿದ್ದೆ.

೭೬ರ ಫೆಬ್ರವರಿಯಲ್ಲಿ ಮಿಸೆಸ್ ಕಾರ್ಡೆಲ್ ಆ ಮೆಟ್ಟಿಲು ಮುರಿದು ಬಿದ್ದಳು. ಆಸ್ಪತ್ರೆಗಳಲ್ಲಿ ನೆಲ ಒರೆಸಿ ಮೂರು ಮಕ್ಕಳನ್ನು ಸಾಕುತ್ತಿದ್ದವಳು. ಸೊಂಟದ ಮೂಳೆ ಹೋಯಿತು. ಮುಂದಿನ ತಿಂಗಳು ಸ್ಟೇಷನ್ ಕೆಡವಬೇಕೋ ಬೇಡವೋ ಎಂದು ಸಾರ್ವಜನಿಕ ಸಭೆ. ನೀನು ಎದ್ದು ನಿಂತು ಹೇಳಿದೆ: "ಟೋಕನ್ ಕೊಡೋ ಹೆಂಗಸಿಗೇ ಗೊತ್ತಿತ್ತು. ಈ ಮೆಟ್ಟಿಲು ಯಾರನ್ನಾದ್ರೂ ಬಲಿ ತಗೊಳ್ಳತ್ತೆ ಅಂತ ನನ್ಹತ್ರನೇ ಹೇಳಿದ್ಲು." ಅಷ್ಟೇ ಹೇಳಿದೆ. ನಾನು ನಾಲ್ಕು ಸಲ ಬರೆದುಕೊಟ್ಟಿದ್ದೆ ಎಂಬುದನ್ನು ನುಂಗಿಕೊಂಡೆ. ಮರುದಿನ ಪೇಪರಿನಲ್ಲಿ ಬಂತು: ಗೊತ್ತಿದ್ದೂ ಸುಮ್ಮನಿದ್ದ ಸಿಬ್ಬಂದಿ.

ಜೂನಿನಲ್ಲಿ ನನ್ನ ವಿಚಾರಣೆ. ಇನ್ಸ್‌ಪೆಕ್ಟರ್ ಒಂದು ಚೀಟಿಯೂ ಬಂದಿಲ್ಲ ಎಂದು ಪ್ರಮಾಣ ಮಾಡಿದ. ಕಂಡವಳು ನೀನೊಬ್ಬಳೇ. ಬರುತ್ತೇನೆ ಎಂದು ಹಿಂದಿನ ದಿನ ನನ್ನ ಕೈ ಹಿಡಿದು ಹೇಳಿದ್ದೆ. ನಾನು ಹನ್ನೊಂದೂವರೆವರೆಗೆ ಬಾಗಿಲನ್ನೇ ನೋಡುತ್ತ ಕೂತೆ.

ಹ್ರಾಂಟ್‌ಗೆ ಜಾಸ್ತಿಯಾಗಿತ್ತೇ? ವಿಚಾರಣೆ ಮುಗಿಸಿ ನಾನು ನೇರ ನಿನ್ನ ಹತ್ತಿರವೇ ಬರಬೇಕೆಂದು ರೈಲು ಹತ್ತಿದೆ. ನನಗೂ ಗಾಬರಿಯಾಗಿತ್ತು, ಮನೆಯಲ್ಲಿ ಏನಾಯಿತೋ ಎಂದು. ಪ್ಲಾಟ್‌ಫಾರ್ಮಿನಲ್ಲಿ ಇಳಿದರೆ ನಿನ್ನ ಮನೆಯ ಕಿಟಕಿ ಹತ್ತು ಅಡಿಯಲ್ಲಿದೆ, ಮರೆತೆಯಾ? ಹ್ರಾಂಟ್ ದಿಂಬಿಗೆ ಒರಗಿ ಕೂತು ಕಿತ್ತಳೆ ಸುಲಿಯುತ್ತಿದ್ದ. ನೀನು ಬಾಚಣಿಗೆ ಹಿಡಿದು ಅವನ ತಲೆ ಬಾಚುತ್ತಿದ್ದೆ. ನನ್ನನ್ನು ಕಂಡು ಅವನು ಕೈಯೆತ್ತಿ ನಕ್ಕ. ನೀನು ಪರದೆ ಎಳೆದೆ.

ನಾಲ್ಕು ತಿಂಗಳು ಕೆಲಸದಿಂದ ಹೊರಗಿಟ್ಟು ಆಮೇಲೆ ಇಲ್ಲಿಗೆ ಎಸೆದರು. ಮನೆಯನ್ನೂ ಇತ್ತ ಕಡೆಗೇ ಸಾಗಿಸಬೇಕಾಯಿತು. ಬರುವ ಜನವರಿಗೆ ನಿವೃತ್ತಿ. ಅದಕ್ಕೆ ಮೊದಲು ಒಂದು ಮೇಲ್ಮನವಿಗೆ ಅವಕಾಶವಿದೆ, ಅಕ್ಟೋಬರಿನಲ್ಲಿ. ನನಗೆ ಆ ಕೆಲಸವೂ ಬೇಡ, ಆ ಗೂಡೂ ಬೇಡ. ನನ್ನ ಕಡತದಿಂದ ಆ ಒಂದು ಸಾಲು ಹೋಗಬೇಕು. ನೀನು ಬಂದು ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಇನ್ನೇನೂ ಕೇಳುವುದಿಲ್ಲ.

ಮೆರ್ಲೀನ್


ವ್ಯಾನ್ ಡೀನ್ ಬೀದಿ
೨೯ ಜುಲೈ ೧೯೭೯

ಮೆರ್ಲೀನ್,

ಎರಡೂವರೆ ತಿಂಗಳಾಯಿತು. ನೀನು ಮತ್ತೆ ಬಾಗಿಲು ನೋಡುತ್ತ ಕೂತಿದ್ದೀಯ ಎಂದು ಗೊತ್ತಿದ್ದೂ ಬರೆಯಲಾಗಲಿಲ್ಲ.

ಸ್ಟೇಷನ್ ಹೋಯಿತು. ಮೊದಲು ಛಾವಣಿ ಕಿತ್ತರು. ಆಮೇಲೆ ತಂಗುಕೋಣೆಯ ಹಲಗೆಗಳನ್ನು ಒಂದೊಂದಾಗಿ ಲಾರಿಗೆ ಎಸೆದರು, ಒಳಗೆಲ್ಲ ಅರವತ್ತು ವರ್ಷದ ಮಸಿ. ಆಮೇಲೆ ಬೆಂಕಿಯಲ್ಲಿ ಕಬ್ಬಿಣ ಕೊಯ್ಯುವವರು ಬಂದರು. ಕಿಡಿ ಹಾರಿ ನನ್ನ ಅಂಗಡಿಯ ಮುಂದಿನ ಬಟ್ಟೆಯ ಚಪ್ಪರ ಎರಡು ಕಡೆ ಸುಟ್ಟಿತು. ಮಧ್ಯಾಹ್ನ ಅವರು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ಅವರ ಮೇಸ್ತ್ರಿಯನ್ನು ಒಂದು ದಿನ ಕೇಳಿದೆ, ಕಬ್ಬಿಣ ಬಹಳ ಹಾಳಾಗಿತ್ತೇ ಎಂದು. "ಎಲ್ಲಿ ಹಾಳು ತಾಯಿ? ಒಂದು ಕಂಬ ಕೊಯ್ಯೋಕೆ ಅರ್ಧ ದಿನ ಬೇಕು. ಆ ಪೂರ್ವದ ಮೆಟ್ಟಿಲು ಒಂದು ಬಿಟ್ರೆ ಮಿಕ್ಕಿದ್ದೆಲ್ಲ ಇನ್ನೂ ಐವತ್ತು ವರ್ಷ ನಿಲ್ತಿತ್ತು" ಎಂದ. ರೊಟ್ಟಿ ಅಗಿಯುತ್ತಲೇ ಹೇಳಿದ. ನಾನು ಒಳಗೆ ಬಂದು ಕೂತೆ.

ಮನೆಯ ಕಿಟಕಿಯಿಂದ ಈಗ ಆಚೆ ಬದಿಯ ಮನೆ ಕಾಣುತ್ತದೆ. ಅಲ್ಲೊಬ್ಬಳು ಮುದುಕಿ ಇದ್ದಾಳೆ. ಪ್ಲಾಟ್‌ಫಾರ್ಮ್ ಹೋದ ಬೆಳಗ್ಗೆ ಇಬ್ಬರೂ ಒಟ್ಟಿಗೆ ಕಿಟಕಿಗೆ ಬಂದು ಒಬ್ಬರನ್ನೊಬ್ಬರು ನೋಡಿದೆವು. ಎಷ್ಟು ವರ್ಷದಿಂದ ಇದ್ದಳೋ. ಬೀದಿ ಎಷ್ಟು ಅಗಲವಿದೆ ಗೊತ್ತೇ, ದಾಟಲು ಭಯವಾಗುತ್ತದೆ. ಸದ್ದಿಲ್ಲ. ಹ್ರಾಂಟ್‌ಗೆಂದು ನಾನು ಬೇಡಿದ ಸದ್ದಿಲ್ಲದ ಮನೆಯಲ್ಲಿ ನಾನೊಬ್ಬಳೇ ನಿದ್ದೆ ಬಾರದೆ ಮಲಗಿರುತ್ತೇನೆ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ನೀನು ಕಂಡದ್ದು ನಿಜ. ಅಂದು ಅವನು ಚೆನ್ನಾಗಿಯೇ ಇದ್ದ. ಬೆಳಗ್ಗೆ ನಾನು ಕೋಟು ಹಾಕಿಕೊಂಡು ಹೊರಟಿದ್ದೆ. ಬಾಗಿಲಲ್ಲಿ ಡ್ರೆಕ್ಸ್ಲರ್ ಎದುರಾದ. "ನೋಡಿ ತಾಯಿ, ಆ ಮೆಟ್ಟಿಲನ್ನ ಮೊದಲೇ ರಿಪೇರಿ ಮಾಡಬಹುದಿತ್ತು ಅಂತ ನೀವು ಹೋಗಿ ಹೇಳಿದ್ರೆ ಏನಾಗತ್ತೆ? ಹಾಗಿದ್ರೆ ರಿಪೇರಿನೇ ಮಾಡೋಣ, ಕೆಡವೋದು ಯಾಕೆ ಅಂತಾರೆ. ನಿಮ್ಮ ಯಜಮಾನ್ರ ತಲೆ ಪಕ್ಕ ಇನ್ನೂ ಹತ್ತು ವರ್ಷ ರೈಲು ಓಡತ್ತೆ. ಯೋಚನೆ ಮಾಡಿ" ಎಂದ. ನಾನು ಕೋಟು ಬಿಚ್ಚಿದೆ. ಅವನು ನನ್ನನ್ನು ಕಟ್ಟಿಹಾಕಲಿಲ್ಲ, ಬೆದರಿಸಲಿಲ್ಲ. ನಾನೇ ಬಿಚ್ಚಿದೆ. ಸಭೆಯಲ್ಲಿ ಅರ್ಧ ಮಾತು ನುಂಗಿದ್ದೂ ಅದಕ್ಕೇ.

ಎರಡು ವರ್ಷ ಅವನು ರೈಲು ಹೋದಾಗಲೆಲ್ಲ ಮಂಚದ ಕಂಬಿ ಹಿಡಿದುಕೊಳ್ಳುತ್ತಿದ್ದ, ನೀನೇ ನೋಡಿದ್ದೀಯ. ಇದನ್ನು ಕ್ಷಮೆಗೆಂದು ಹೇಳುತ್ತಿಲ್ಲ. ನನಗೆ ನಿನಗಿಂತ ಅವನು ಹೆಚ್ಚಾಗಿದ್ದ. ಅವನಿಗೂ ಅದರಿಂದ ಏನೂ ಸಿಗಲಿಲ್ಲ.

ಅಕ್ಟೋಬರಿನ ವಿಷಯ, ನನಗೆ ಭಯವಾಗುತ್ತದೆ ಮೆರ್ಲೀನ್. ಮೂರು ವರ್ಷ ಮುಚ್ಚಿಟ್ಟವಳು ನಾನೇ ಎಂದು ಅಲ್ಲಿ ಹೇಳಬೇಕು. ಅದು ಬೀದಿಗೆ ಬರುತ್ತದೆ. ಇಲ್ಲಿ ಇನ್ನು ನನಗೆ ಉಳಿದಿರುವುದು ನಾಲ್ಕು ಅಂಗಡಿಯವರ ಮಾತುಕತೆಯಷ್ಟೇ.

ಅರಾಕ್ಸಿ


ಬ್ರಾಂಕ್ಸ್
೧೦ ಆಗಸ್ಟ್ ೧೯೭೯

ಅರಾಕ್ಸಿ,

ಅಕ್ಟೋಬರ್ ಹದಿನೆಂಟು, ಗುರುವಾರ, ಬೆಳಗ್ಗೆ ಹತ್ತು ಗಂಟೆ. ವಿಳಾಸ ಒಳಗಿನ ಚೀಟಿಯಲ್ಲಿದೆ. ನಾಲ್ಕನೆಯ ಮಹಡಿ.

ನಾನು ಮತ್ತೆ ನೆನಪಿಸುವುದಿಲ್ಲ. ನಿನ್ನ ಭಯಕ್ಕೆ ಸಮಾಧಾನ ಹೇಳುವಷ್ಟು ಶಕ್ತಿ ನನ್ನಲ್ಲಿಲ್ಲ, ಬಹಳ ದಣಿದಿದ್ದೇನೆ. ಮೊಣಕಾಲು ಊದಿಕೊಂಡಿವೆ. ಹ್ರಾಂಟ್ ವಿಷಯ ನೀನು ಬರೆದದ್ದನ್ನು ಎರಡು ಸಲ ಓದಿದೆ. ನನ್ನ ಗಂಡನಾಗಿದ್ದರೆ ನಾನೇನು ಮಾಡುತ್ತಿದ್ದೆನೋ ಗೊತ್ತಿಲ್ಲ. ಗೊತ್ತಿಲ್ಲ ಎಂದಷ್ಟೇ ಬರೆಯುತ್ತಿದ್ದೇನೆ, ಹೆಚ್ಚು ಅರ್ಥ ಹಚ್ಚಬೇಡ.

ಮೆರ್ಲೀನ್


ವ್ಯಾನ್ ಡೀನ್ ಬೀದಿ
೨೧ ಅಕ್ಟೋಬರ್ ೧೯೭೯

ಪ್ರೀತಿಯ ಮೆರ್ಲೀನ್,

ನಿನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದರಲ್ಲ, ಒಳಗೆ ನಡೆದದ್ದನ್ನು ನಿಮ್ಮ ಯೂನಿಯನ್ನಿನ ವಕೀಲ ಹೇಳಿರಬಹುದು. ಆದರೂ ನನ್ನ ಬಾಯಿಂದಲೇ ತಿಳಿಯಲಿ.

ಮೂವರು ಕೂತಿದ್ದರು. ನಡುವಿನವನು ಚಿಕ್ಕ ವಯಸ್ಸಿನವನು, ನೆಗಡಿಯಾಗಿತ್ತು ಪಾಪ. ನಾಲ್ಕು ಚೀಟಿಗಳನ್ನೂ ಹೇಳಿದೆ. ಒಂದನ್ನು ನೀನು ದರ್ಜಿ ಸೀಮೆಸುಣ್ಣ ಬಿದ್ದ ಕಾಗದದ ಮೇಲೆ ಬರೆದದ್ದು, ಇನ್ಸ್‌ಪೆಕ್ಟರ್ ಅದನ್ನು ಕೊಡವಿ ಜೇಬಿಗಿಟ್ಟದ್ದು, ಅವನಂದ ಮಾತು, ಎಲ್ಲ.

ನಡುವಿನವನು ಕೇಳಿದ, "ಇಷ್ಟೆಲ್ಲ ನೆನಪಿದೆ, ಸರಿ. ಅವತ್ತು ಯಾಕೆ ಬರ್ಲಿಲ್ಲ?"

"ಬರಬಾರದು ಅಂತ ಬರ್ಲಿಲ್ಲ" ಎಂದೆ.

"ಅಂದ್ರೆ?"

"ರೈಲು ನಿಲ್ಬೇಕಿತ್ತು ನನಗೆ. ಇವಳ ಹೆಸರು ಹೋದ್ರೂ ಪರವಾಗಿಲ್ಲ, ರೈಲು ನಿಲ್ಲಲಿ ಅಂತ ಮನೇಲಿ ಕೂತೆ."

ಅವನು ಮೂಗು ಒರೆಸಿಕೊಳ್ಳುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. "ಇದನ್ನ ಬರ್ಕೋಬೇಕಾ ಅಮ್ಮ?" ಎಂದು ಬೆರಳಚ್ಚಿನ ಹುಡುಗಿ ಕೇಳಿದಳು. ಬರ್ಕೋ ಎಂದೆ.

ಹೊರಗೆ ಬಂದಾಗ ನೀನು ಎದ್ದು ನಿಂತಿದ್ದೆ. ಎಷ್ಟು ಬಿಳಿಯಾಗಿದೆ ನಿನ್ನ ತಲೆ. ನಾನು ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನಿನ್ನನ್ನು ಒಳಗೆ ಕರೆದರು. ಕಾಯಬಹುದಿತ್ತು. ಕಾಯಲಿಲ್ಲ. ಕಾದರೆ ನಿನ್ನಿಂದ ಏನೋ ಬೇಡಿದ ಹಾಗಾಗುತ್ತದೆ ಎನ್ನಿಸಿತು. ಮನೆಗೆ ಬರಲು ರೈಲು ಇಳಿದು ಎರಡು ಬಸ್ಸು ಹಿಡಿದೆ. ಮಧ್ಯಾಹ್ನ ಮೂರಾಯಿತು.

ಮಾರನೆಯ ದಿನ ಕೂತು ಎರಡು ಪುಟ ಬರೆದೆ. ಆಲೂಗಡ್ಡೆ ಹೊಲದಿಂದ ಹಿಡಿದು ಏಳು ಗಾಜು, ನಾಣ್ಯ ಉರುಳಿಸಿದವರು, ಹಿಮ, ಮಿಸೆಸ್ ಕಾರ್ಡೆಲ್, ನಾಲ್ಕು ಚೀಟಿ, ನಾನು ಮನೆಯಲ್ಲಿ ಕೂತದ್ದು. ಡ್ರೆಕ್ಸ್ಲರ್‌ಗೆ ಕೊಟ್ಟು ಬಂದಿದ್ದೇನೆ. ಅವನಾಡಿದ ಮಾತನ್ನು ಬರೆದಿಲ್ಲ. ನನ್ನ ತಪ್ಪು ಬರೆಯಲು ಅವನ ಹೆಸರು ಬೇಕಿರಲಿಲ್ಲ.

ನಿನ್ನ
ಅರಾಕ್ಸಿ


ವ್ಯಾನ್ ಡೀನ್ ಬೀದಿ
೨ ಡಿಸೆಂಬರ್ ೧೯೭೯

ಪ್ರೀತಿಯ ಮೆರ್ಲೀನ್,

ಪುಸ್ತಿಕೆ ಇದರ ಜೊತೆ ಕಳಿಸಿದ್ದೇನೆ. ನೋಡುವೆಯಾದರೆ ಆರನೆಯ ಪುಟ. ನನ್ನ ಎರಡು ಪುಟ ಇಲ್ಲ. ಅಲ್ಲಿ ಡ್ರೆಕ್ಸ್ಲರ್ ಅಂಗಡಿಯ ಸೋಫಾದ ಜಾಹೀರಾತಿದೆ. ಸ್ಟೇಷನ್ನಿನ ಇತಿಹಾಸವೆಂದು ನಾಲ್ಕು ಸಾಲು: ೧೯೧೭ರಲ್ಲಿ ಆಯಿತು, ೧೯೭೭ರಲ್ಲಿ ನಿಂತಿತು, ಈಗ ಬೀದಿಗೆ ಬೆಳಕು ಬಂತು.

ಅವನು ಸಿಟ್ಟು ಮಾಡಲಿಲ್ಲ, ಅದೇ ಕಷ್ಟವಾಯಿತು. ಅಂಗಡಿಗೆ ಬಂದು ಕಾಗದ ಹಿಂದಕ್ಕೆ ಕೊಟ್ಟು, "ತಾಯಿ, ಇದೆಲ್ಲ ಆಗಿಹೋದದ್ದು. ಜನ ಕುಣಿಯೋಕೆ ಬಂದಾಗ ಯಾಕೆ ಇದನ್ನ ಓದಿಸ್ಬೇಕು?" ಎಂದ. ಮುಖ ಸೋತುಹೋಗಿತ್ತು. ಅವನ ಅಂಗಡಿಯೂ ಮಾರಾಟಕ್ಕಿದೆ ಎಂದು ಆಮೇಲೆ ಬೇರೆಯವರಿಂದ ತಿಳಿಯಿತು.

ಸಮಾರಂಭಕ್ಕೆ ಹೋಗಿದ್ದೆ. ಬ್ಯಾಂಡು ಇತ್ತು. ಇನ್ನೂರು ಕುರ್ಚಿ ಹಾಕಿದ್ದರು, ಮೂವತ್ತು ಜನ ಬಂದಿದ್ದರು. ಬಹಳ ಚಳಿ. ಬೀದಿ ಬರಿದಾದ ಮೇಲೆ ನದಿ ಕಡೆಯ ಗಾಳಿಗೆ ತಡೆಯೇ ಇಲ್ಲ. ಯಾರಾದರೂ ಎರಡು ಮಾತಾಡುತ್ತೀರಾ ಎಂದಾಗ ನಾನು ಎದ್ದು ನನ್ನ ಕಾಗದ ಬಿಚ್ಚಿ ಓದಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನ ಕುರ್ಚಿಗಳನ್ನು ಮಡಿಸತೊಡಗಿದ್ದರು. ಪೂರ್ತಿ ಓದಿದೆ. ಕೆಲವರು ನನ್ನ ಮುಖ ನೋಡದೆ ಎದ್ದು ಹೋದರು. ಆ ಆಚೆ ಕಿಟಕಿಯ ಮುದುಕಿ ಬಂದು, "ನಂಗೆ ಸರಿಯಾಗಿ ಕೇಳಿಸ್ಲಿಲ್ಲ, ಆದ್ರೆ ನೀವು ಅಳ್ತಿದ್ರಿ" ಎಂದು ತನ್ನ ಕೈಗವಸು ಕೊಟ್ಟಳು.

ನಾನು ಜನವರಿಯಲ್ಲಿ ಅಂಗಡಿ ಮುಚ್ಚುತ್ತೇನೆ. ಮಿಷನ್ ಕೊಳ್ಳಲು ಒಬ್ಬ ಬರುತ್ತಾನೆ. ಮನೆ ಮಾತ್ರ ಇರಲಿ ಎಂದುಕೊಂಡಿದ್ದೇನೆ, ಹ್ರಾಂಟ್ ಇದ್ದದ್ದು ಇಲ್ಲೇ.

ನಿನ್ನ ತೀರ್ಪು ಬಂತೋ ಇಲ್ಲವೋ ಎಂದು ದಿನವೂ ಯೋಚಿಸುತ್ತೇನೆ. ತಿಳಿಸಲೇಬೇಕೆಂದಿಲ್ಲ.

ನಿನ್ನ
ಅರಾಕ್ಸಿ


ಬ್ರಾಂಕ್ಸ್
೧೬ ಡಿಸೆಂಬರ್ ೧೯೭೯

ಅರಾಕ್ಸಿ,

ತೀರ್ಪು ಬುಧವಾರ ಬಂತು. ಒಂದೇ ಹಾಳೆ. ೭೬ರ ದೋಷಾರೋಪವನ್ನು ಕಡತದಿಂದ ತೆಗೆದುಹಾಕಲಾಗಿದೆ ಎಂದಿದೆ. ವಿಷಾದವೆಂಬ ಪದ ಎಲ್ಲಾದರೂ ಇದೆಯೇ ಎಂದು ಮಗುಚಿ ನೋಡಿದೆ, ಹಿಂದಿನ ಬದಿ ಖಾಲಿ. ಸಂತೋಷವಾಗಬೇಕಿತ್ತು. ಬೂಟು ಬಿಚ್ಚಿ ಮಂಚದ ಮೇಲೆ ಕೂತೆ, ಅಷ್ಟೇ. ಸಿಸ್ಟರ್ ಬ್ರಾತ್‌ವೇಟ್‌ಗೆ ಫೋನು ಮಾಡಿದರೆ ನನ್ನ ಬದಲು ಅವರು ಜೋರಾಗಿ ಅತ್ತರು.

ಶುಕ್ರವಾರ ಆ ಹಾಳೆ ಹಿಡಿದುಕೊಂಡು ಮಿಸೆಸ್ ಕಾರ್ಡೆಲ್ ಮನೆಗೆ ಹೋದೆ. ಕೋಲು ಹಿಡಿದು ನಡೆಯುತ್ತಾಳೆ. ದೊಡ್ಡ ಮಗಳು ಈಗ ದುಡಿಯುತ್ತಾಳೆ. ಹಾಳೆ ಓದಿ ಹೇಳಿದೆ. ಅವಳು ಕೇಳಿಸಿಕೊಂಡು, "ನಿಮಗೆ ಒಳ್ಳೇದಾಯ್ತಲ್ಲ ಬಿಡಿ, ನನ್ನ ಸೊಂಟ ಹಂಗೇ ಇದೆ" ಎಂದಳು. ಕೊಂಕಾಗಿ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು.

ಅಲ್ಲಿಂದ ಬಂದ ಮೇಲೆ ನಿನಗೊಂದು ವಿಷಯ ಬರೆಯಬೇಕೆನ್ನಿಸಿದೆ. ಯಾರಿಗೂ ಹೇಳಿಲ್ಲ. ನನ್ನ ಗೂಡಿನಲ್ಲಿ ಒಂದು ಸರಪಳಿ ಇತ್ತು. ಮೆಟ್ಟಿಲಿಗೆ ಅಡ್ಡ ಹಾಕುವುದಕ್ಕೆಂದೇ ಇದ್ದದ್ದು, ಕೊಕ್ಕೆಯೂ ಇತ್ತು. ಹಾಕಲು ನನಗೆ ಅಧಿಕಾರವಿತ್ತು, ಯಾರನ್ನೂ ಕೇಳಬೇಕಿರಲಿಲ್ಲ. ಹಿಂದೊಮ್ಮೆ ಹಾಕಿದ್ದಾಗ ಜನ ಪಶ್ಚಿಮದ ಕಡೆಗೆ ಸುತ್ತಿ ಬರಬೇಕಾಗಿ, ರೈಲು ತಪ್ಪಿ, ನನ್ನ ಗೂಡಿನ ಗಾಜಿಗೆ ಗುದ್ದಿ ಬಾಯಿಗೆ ಬಂದಂತೆ ಬೈದಿದ್ದರು. ನನ್ನ ಬಣ್ಣ ಹಿಡಿದು ಬೈದಿದ್ದರು. ಇನ್ಸ್‌ಪೆಕ್ಟರೂ ರೇಗಿದ್ದ. ಆ ಫೆಬ್ರವರಿಯ ಬೆಳಗ್ಗೆ ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟಿದ್ದನ್ನು ನೋಡಿದೆ. ಸರಪಳಿಯನ್ನು ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಸಾಲು ಬೆಳೆಯಿತು. ಇನ್ನೊಂದು ಸಲ ಬೈಸಿಕೊಳ್ಳುವುದು ಬೇಡ ಎನ್ನಿಸಿ ಕೆಳಗಿಟ್ಟೆ. ಇಪ್ಪತ್ತು ನಿಮಿಷದ ಮೇಲೆ ಅವಳು ಬಿದ್ದಳು.

ಸರಪಳಿಯ ವಿಷಯ ಎರಡು ವಿಚಾರಣೆಯಲ್ಲೂ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕಡತ ಸ್ವಚ್ಛವಾಗಿದೆ. ಶುಕ್ರವಾರ ಅವಳ ಮುಂದೆ ಕೂತಾಗಲೂ ಬಾಯಿ ಬರಲಿಲ್ಲ. ಹಬ್ಬ ಮುಗಿದ ಮೇಲೆ ಮತ್ತೆ ಹೋಗಿ ಹೇಳಬೇಕು. ಒಬ್ಬಳೇ ಹೋಗಲು ಧೈರ್ಯ ಸಾಲದು. ನೀನು ಮೂವತ್ತು ಜನರ ಮುಂದೆ ಚಳಿಯಲ್ಲಿ ನಿಂತು ಓದಿದೆ ಎಂದು ಬರೆದಿದ್ದೀಯಲ್ಲ, ನನ್ನ ಜೊತೆ ಬರುತ್ತೀಯಾ?

ಅದಕ್ಕೆ ಮೊದಲು ಬರುವ ಭಾನುವಾರ ಊಟಕ್ಕೆ ಬಾ. ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ಮುದ್ದೆ ತೊಳಸುತ್ತೇನೆ, ಮೀನಿನ ಸಾರು ಇರುತ್ತದೆ. ಎರಡು ಬಸ್ಸು, ಆಮೇಲೆ ರೈಲು, ಕೊನೆಯ ಸ್ಟೇಷನ್ನಿನಲ್ಲಿ ಇಳಿ. ಮೆಟ್ಟಿಲು ಜಾಸ್ತಿ, ಕಂಬಿ ಹಿಡಿದು ನಿಧಾನವಾಗಿ ಇಳಿ. ಕೆಳಗೆ ನಿಂತಿರುತ್ತೇನೆ.

ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಊಟದ ನಡುವೆ ಏನಾದರೂ ಅಂದರೆ ಅನ್ನಿಸಿಕೋ, ಎದ್ದು ಹೋಗಬೇಡ.

ನಿನ್ನ
ಮೆರ್ಲೀನ್